ಉತ್ತರ ಬರೆಯದ ನೋಟ್‌ಬುಕ್ಕು: ನೀಟ್ ಪಿಜಿ ರಿವಿಷನ್, ನನ್ನ ಅನುಭವ

ಶಿರಸಿಯ ಮನೆಯಲ್ಲಿ ಕೂತು, ನೈಟ್ ಡ್ಯೂಟಿ ಮಾಡಿಕೊಂಡು ನೀಟ್ ಪಿಜಿ (ಎಂಬಿಬಿಎಸ್ ಆದ ಮೇಲಿನ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದರೆ ಸೀಟು ಸಿಗಲ್ಲ ಎಂದವರೇ ಜಾಸ್ತಿ. ಕಾರವಾರದಲ್ಲಿ ನನ್ನ ಜೊತೆ ಇಂಟರ್ನ್‌ಶಿಪ್ ಮುಗಿಸಿದ ಹೆಚ್ಚಿನವರು ಬೆಂಗಳೂರಿಗೆ ಹೋಗಿ ಲೈಬ್ರರಿ ಹಿಡಿದರು. ನಾನು ಹೋಗಲಿಲ್ಲ. ಈಗ ಜನರಲ್ ಮೆಡಿಸಿನ್ ಸೀಟು ಸಿಕ್ಕಿದೆ, ಅದೂ ಸರ್ಕಾರಿ ಕೋಟಾದಲ್ಲಿ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ.

ಮೊದಲು ದುಡ್ಡಿನ ವಿಷಯ. ಒಂದು ಆ್ಯಪ್‌ಗೆ ಮೂವತ್ತೈದು ಸಾವಿರದ ಹತ್ತಿರ ಹೋಯಿತು. ಪ್ರಿಂಟು, ಸ್ಪೈರಲ್ ಬೈಂಡಿಂಗ್ ಸೇರಿ ಇನ್ನೊಂದು ಎಂಟು ಸಾವಿರ. ಆಮೇಲೆ ಆನ್‌ಲೈನ್ ರಿವಿಷನ್ ಕ್ಲಾಸು, ಹದಿನೈದು ಸಾವಿರ ಇರಬೇಕು. ಅಲ್ಲಿ ನಡೆದದ್ದು ಹಳೇ ಸ್ಲೈಡುಗಳನ್ನೇ ವೇಗವಾಗಿ ಓದಿದ್ದು, ಅಷ್ಟೆ. ಹೈಲೈಟರ್ ಹಾಕಿ ಹಾಕಿ ನನ್ನ ನೋಟ್ಸು ಹೋಳಿ ಆಡಿದವರ ಅಂಗಿ ಹಾಗಾಗಿತ್ತು. ಓದುವಾಗ ಎಲ್ಲಾ ಗೊತ್ತಿದೆ ಅನಿಸುತ್ತದೆ ಅಲ್ವಾ? ಮಾಕ್ ಟೆಸ್ಟಿನಲ್ಲಿ (ಅಣಕು ಪರೀಕ್ಷೆ) ಮಾತ್ರ 200 ಪ್ರಶ್ನೆಯಲ್ಲಿ ಸರಿಯಾದದ್ದು ನೂರರ ಆಚೀಚೆ.

ಆ್ಯಂಕಿಯನ್ನೂ (ಪ್ರಶ್ನೆ-ಉತ್ತರದ ಕಾರ್ಡು ತೋರಿಸುವ ಆ್ಯಪ್) ನೋಡಿದೆ. ಎರಡು ನೈಟ್ ಡ್ಯೂಟಿ ಒಟ್ಟಿಗೆ ಬಂದರೆ ಬಾಕಿ ಕಾರ್ಡು ಸಾವಿರ ದಾಟುತ್ತಿತ್ತು. ಆ ಸಂಖ್ಯೆ ನೋಡಿದರೆ ಫೋನು ಮುಟ್ಟಲೇ ಮನಸ್ಸಾಗುತ್ತಿರಲಿಲ್ಲ.

ಕೊನೆಗೆ ಕೈ ಹಿಡಿದದ್ದು ಇನ್ನೂರು ಪುಟದ ಸಾದಾ ನೋಟ್‌ಬುಕ್ಕು. ಅದರಲ್ಲಿ ಪ್ರಶ್ನೆ ಮಾತ್ರ. ಉತ್ತರ ಎಲ್ಲೂ ಬರೆಯುವುದಿಲ್ಲ. ತಲೆಯಿಂದ ಬರಬೇಕು, ಬರದಿದ್ದರೆ ಮೂಲ ನೋಟ್ಸ್ ತೆರೆದು ಹುಡುಕಬೇಕು. ಹುಡುಕುವ ಆ ಕಿರಿಕಿರಿಯೇ ನೆನಪಲ್ಲಿ ಉಳಿಯುತ್ತದೆ. ಬರದ ಪ್ರಶ್ನೆಗೆ ಕೆಂಪು ಚುಕ್ಕಿ. ಮೂರು ಚುಕ್ಕಿ ಬಿದ್ದದ್ದು ಬೇರೆ ಪುಟಕ್ಕೆ. ಹೀಗೆ ಎರಡೂವರೆ ಸಾವಿರದಷ್ಟು ಪ್ರಶ್ನೆ ಆದವು. ಯಾವ ಪುಟ ಯಾವ ದಿನ ತೆಗೆಯುತ್ತಿದ್ದೆ ಎನ್ನುವ ಲೆಕ್ಕ ಹೇಳಲ್ಲ. ಅದಕ್ಕೆ ತುಂಬಾ ನಿದ್ದೆ ಕೆಟ್ಟಿದ್ದೇನೆ.

ಪ್ರಶ್ನೆಯನ್ನು ತಿರುಗಿಸಿ ಬರೆಯಬೇಕು. 'ತೋಳಿನ ರೇಡಿಯಲ್ ನರ ಎಲ್ಲಿ ಹಾದುಹೋಗುತ್ತದೆ' ಎಂದು ಬರೆದರೆ ಉಪಯೋಗ ಇಲ್ಲ. 'ಮಣಿಕಟ್ಟು ಜೋತು ಬಿದ್ದಿದೆ, ಮೊಣಕೈ ಚಾಚಲು ಬರುತ್ತದೆ, ತೋಳಿನ ಮೂಳೆ ಹ್ಯೂಮರಸ್ ಎಲ್ಲಿ ಮುರಿದಿದೆ?' ಎಂದು ಬರೆಯಿರಿ. ಮೊಣಕೈ ಚಾಚುವ ಟ್ರೈಸೆಪ್ಸ್ ಸ್ನಾಯುವಿಗೆ ಹೋಗುವ ಹೆಚ್ಚಿನ ಕವಲುಗಳು ಸ್ಪೈರಲ್ ಗ್ರೂವಿಗೆ (ಆ ಮೂಳೆಯಲ್ಲಿ ನರ ಸಾಗುವ ತೋಡು) ಮೊದಲೇ ಹೊರಡುತ್ತವೆ ಎನ್ನುವುದು ತಾನಾಗಿ ಬರುತ್ತದೆ. ಫುಟ್ ಡ್ರಾಪ್ (ಪಾದ ಮೇಲೆತ್ತಲು ಆಗದಿರುವುದು) ಕೂಡ ಹಾಗೇ. ಪಾದ ಒಳಕ್ಕೆ ತಿರುಗಿಸಲೂ ಆಗದಿದ್ದರೆ ಸೊಂಟದ ಎಲ್5 ನರದ ಬೇರು ನೋಡು. ಅದು ಚೆನ್ನಾಗಿದ್ದರೆ ಮೊಣಕಾಲ ಕೆಳಗಿನ ಫಿಬ್ಯುಲಾ ಮೂಳೆಯ ಕತ್ತು ನೋಡು.

ಡ್ಯೂಟಿಯಲ್ಲಿ ಕಂಡದ್ದನ್ನೂ ಪ್ರಶ್ನೆ ಮಾಡುತ್ತಿದ್ದೆ. ತೋಟದಲ್ಲಿ ಹಾವು ಕಚ್ಚಿಸಿಕೊಂಡು ಬಂದವರು ನಮ್ಮಲ್ಲಿ ಹೊಸಬರಲ್ಲ. '20 ನಿಮಿಷದ ಕ್ಲಾಟಿಂಗ್ (ರಕ್ತ ಹೆಪ್ಪುಗಟ್ಟುವ) ಟೆಸ್ಟಿಗೆ ಗಾಜಿನ ಟ್ಯೂಬೇ ಯಾಕೆ?', 'ಮಗುವಿಗೆ ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಮದ್ದು) ಕಡಿಮೆ ಕೊಡಬೇಕಾ?' (ಇಲ್ಲ, ದೊಡ್ಡವರಷ್ಟೇ.) 'ಹಂಪ್‌ನೋಸ್ಡ್ ಪಿಟ್ ವೈಪರ್ ಹಾವು ಕಚ್ಚಿದರೆ ನಮ್ಮ ಪಾಲಿವೇಲೆಂಟ್ ಆ್ಯಂಟಿವೆನಮ್ ಕೆಲಸ ಮಾಡುತ್ತದಾ?' (ಇಲ್ಲ.) ಮಂಗನ ಕಾಯಿಲೆಯನ್ನು ಸಿದ್ದಾಪುರದ ಕಡೆಯವರಿಗೆ ಕಲಿಸಬೇಕಾಗಿಲ್ಲ. ಆದರೆ ಅದು ಮೊದಲು ಕಂಡ 1957, ಸೊರಬದ ಕ್ಯಾಸನೂರು, ಕಾರಣವಾದ ಫ್ಲೇವಿವೈರಸ್, ಹರಡುವ ಹೀಮಾಫೈಸಾಲಿಸ್ ಉಣುಗು ಇಷ್ಟನ್ನೂ ಒಂದೇ ಪ್ರಶ್ನೆಯಲ್ಲಿ ಕಟ್ಟಿಟ್ಟೆ.

ಬ್ರೇಕಿಯಲ್ ಪ್ಲೆಕ್ಸಸ್ (ಕುತ್ತಿಗೆಯಿಂದ ಕೈಗೆ ಬರುವ ನರಗಳ ಜಾಲ) ಮಾತ್ರ ನೋಟ್‌ಬುಕ್ಕಿಗೆ ಬಗ್ಗಲಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ ಬಿಡಿಸಿದೆ. ಸಿ5, ಸಿ6 ಎಂಬ ಕುತ್ತಿಗೆಯ ನರಗಳು ಸೇರುವ ಗೆರೆಯನ್ನು ಕಾಲಿನಿಂದ ಒರೆಸಿ, ನನ್ನದೇ ಕೈಯನ್ನು ಎರ್ಬ್ ಪಾಲ್ಸಿಯ (ಆ ನರಗಳಿಗೆ ಪೆಟ್ಟಾದಾಗ ಕೈಗೆ ಬರುವ ಬಲಹೀನತೆ) ಭಂಗಿಗೆ ತಂದು ನಿಲ್ಲುವುದು. ಪಕ್ಕದ ಮನೆಯವರು ಏನಂದುಕೊಂಡರೋ. ಆಯಿ ಮಾತ್ರ, "ತಮಾ, ನಿನ್ನ ನರ ಎಲ್ಲಾ ಅಳಿಸು, ಅಡಿಕೆ ಬಂತು" ಎನ್ನುತ್ತಿದ್ದಳು.

ಕುಮಟಾ ಬಸ್ಸಿಗೆಂದು ಪ್ರಶ್ನೆ-ಉತ್ತರ ರೆಕಾರ್ಡ್ ಮಾಡಿಯೂ ನೋಡಿದೆ. ದೇವಿಮನೆ ಘಾಟಿಯಲ್ಲಿ ಸುಮ್ನೆ ಕಿವಿಗೆ ಹಾಕಿಕೊಂಡರೆ ನಿದ್ದೆ. ಪ್ರಶ್ನೆಯಾದ ಮೇಲೆ ನಾಲ್ಕೈದು ಸೆಕೆಂಡ್ ಖಾಲಿ ಬಿಟ್ಟು, ಆಮೇಲೆ ಉತ್ತರ ಹೇಳಿ ರೆಕಾರ್ಡ್ ಮಾಡಿದಾಗ ಕೆಲಸ ಮಾಡಿತು. ಆ ಖಾಲಿ ಜಾಗದಲ್ಲಿ ಬಾಯಿ ಬಿಟ್ಟು ಉತ್ತರ ಹೇಳಬೇಕು. ಪಕ್ಕದ ಸೀಟಿನವರು ಎದ್ದು ಹೋದರೆ ಹೋಗಲಿ.

2024ರಿಂದ ಪೇಪರು ಐದು ಭಾಗ. ಒಂದೊಂದು ಭಾಗದಲ್ಲಿ 40 ಪ್ರಶ್ನೆಗೆ 42 ನಿಮಿಷ. ಮುಗಿದ ಭಾಗಕ್ಕೆ ವಾಪಸ್ ಹೋಗುವ ಹಾಗಿಲ್ಲ. ಅದಕ್ಕೇ ಕೊನೆಯ ತಿಂಗಳು ಹಾಗೇ ಗಡಿಯಾರ ಇಟ್ಟುಕೊಂಡು ಕೂತೆ. ಮಾಕ್‌ನಲ್ಲಿ ಸರಿಯಾದ ಉತ್ತರ ನೂರೈವತ್ತರ ಹತ್ತಿರ ಬಂತು. ನೋಟ್‌ಬುಕ್ಕು, ಪೆನ್ನು, ಸೀಮೆಸುಣ್ಣ ಎಲ್ಲಾ ಸೇರಿ ಐನೂರು ರೂಪಾಯಿ ದಾಟಿಲ್ಲ.

ರೇಡಿಯಾಲಜಿ ಚಿತ್ರಗಳಿಗೆ ಈ ಉಪಾಯ ಆಗಲ್ಲ, ಅದಕ್ಕೆ ಆ್ಯಪ್ ಬೇಕೇ ಬೇಕು. ಬಯೋಕೆಮಿಸ್ಟ್ರಿಗೆ ಬೇರೆಯೇ ಒಂದು ದಾರಿ ಮಾಡಿಕೊಂಡಿದ್ದೆ. ಅದನ್ನು ಸದ್ಯಕ್ಕೆ ಹೇಳಲ್ಲ, ಈ ಸಲ ತಂಗಿ ಪರೀಕ್ಷೆ ಬರೆಯುತ್ತಿದ್ದಾಳೆ.