ಮೊಬೈಲ್‌ನಲ್ಲೇ ನೋಟ್ಸ್ ಇದ್ದರೆ ಓದುವುದು ಹೇಗೆ?

ಕಾಸರಗೋಡಿನ ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಕಲಿತು ಕೇರಳ ಪಿಎಸ್‌ಸಿಯ ಸರಕಾರಿ ಕೆಲಸದ ಪರೀಕ್ಷೆಗೆ ಓದುವವರಿಗೆ ಒಂದು ಪೇಚಾಟ ಇದೆ. ರ್‍ಯಾಂಕ್ ಫೈಲ್‌ಗಳು (ಪರೀಕ್ಷೆಯ ಗೈಡ್ ಪುಸ್ತಕಗಳು) ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡದ ನೋಟ್ಸ್ ಬೇಕಾದರೆ ವಾಟ್ಸಾಪ್ ಗ್ರೂಪಿನ ಪಿಡಿಎಫ್ಫೇ ಗತಿ. ಮೊಬೈಲ್ ದೂರ ಇಟ್ಟು ಓದು ಅಂತ ಎಲ್ಲರೂ ಹೇಳುತ್ತಾರೆ. ದೂರ ಇಟ್ಟರೆ ಓದುವುದು ಎಂತದನ್ನು?

ಕೇರಳದ ಸಮಾಜ ಸುಧಾರಣೆಯ ಇಸವಿಗಳನ್ನೇ ನೋಡಿ: ಅರುವಿಪ್ಪುರಂ ಪ್ರತಿಷ್ಠೆ 1888, ವೈಕಂ ಸತ್ಯಾಗ್ರಹ 1924, ಗುರುವಾಯೂರು 1931, ಕ್ಷೇತ್ರ ಪ್ರವೇಶ ವಿಳಂಬರ (ದೇವಸ್ಥಾನ ಪ್ರವೇಶದ ಘೋಷಣೆ) 1936. ಇಷ್ಟು ಓದುವಷ್ಟರಲ್ಲಿ ಮೇಲಿಂದ ಒಂದು ಮೆಸೇಜ್ ಇಳಿಯುತ್ತದೆ, ಅದೂ ಓದಿನ ಗ್ರೂಪಿನದ್ದೇ, ಯಾರೋ ಹಾಲ್ ಟಿಕೆಟ್ ಬಂತಾ ಅಂತ ಕೇಳಿರುತ್ತಾರೆ, ನೋಡಿ ವಾಪಸ್ ಬಂದರೆ ಇಸವಿಗಳೆಲ್ಲ ಕಲಸಿಹೋಗಿರುತ್ತವೆ. ಪಿಎಸ್‌ಸಿಯಲ್ಲಿ ಒಂದು ತಪ್ಪು ಉತ್ತರಕ್ಕೆ ಒಂದು ಅಂಕದ ಮೂರನೇ ಒಂದು ಪಾಲು ಹೋಗುತ್ತದೆ. ಏನೂ ಗೊತ್ತಿಲ್ಲದಿದ್ದರೆ ಸುಮ್ನೆ ಬಿಟ್ಟು ಮುಂದೆ ಹೋಗಬಹುದು. 'ಎಲ್ಲೋ ಓದಿದ ಹಾಗಿದೆ' ಅನ್ನುವ ಅರೆ ನೆನಪೇ ಜಾಸ್ತಿ ಅಪಾಯ.

2006ರಲ್ಲಿ ಅಮೆರಿಕದ ಸಂಶೋಧಕರು ಗಮನ ಎರಡು ಕಡೆ ಹಂಚಿಹೋದರೆ ಕಲಿಕೆ ಏನಾಗುತ್ತದೆ ಅಂತ ನೋಡಿದ್ದರು. ಬೀಪ್ ಸದ್ದುಗಳನ್ನು ಎಣಿಸುತ್ತಾ ಕಲಿತವರೂ ಕಲಿತರು. ಆದರೆ ಕಲಿತದ್ದರ ಬಗ್ಗೆ ಬೇರೆ ರೀತಿಯಲ್ಲಿ ಪ್ರಶ್ನೆ ಕೇಳಿದಾಗ ತಡವರಿಸಿದರು. ಪಿಎಸ್‌ಸಿಯವರು ಪ್ರಶ್ನೆಯನ್ನು ತಿರುಗಿಸಿ ಕೇಳುವುದರಲ್ಲಿ ನಿಸ್ಸೀಮರು ಅಲ್ವಾ!

ಹಾಗಾಗಿ ನಾನು ಕೆಲಸವನ್ನೇ ಎರಡಾಗಿ ಒಡೆದೆ. ರಾತ್ರಿ ಮೊಬೈಲ್ ಹಿಡಿದು ಕೂತರೆ ಓದುವುದಿಲ್ಲ, ನೋಟ್‌ಬುಕ್ಕಿಗೆ ಇಳಿಸುವುದು ಮಾತ್ರ. ಮಲಯಾಳದಿಂದ ಕನ್ನಡಕ್ಕೆ ತರುವುದೂ ಆಗಲೇ, ಯಾಕೆಂದರೆ ಮನಸ್ಸಿನಲ್ಲೇ ಅನುವಾದ ಮಾಡುತ್ತಾ ಬಾಯಿಪಾಠ ಮಾಡುವುದೂ ಒಂದು ಮಲ್ಟಿಟಾಸ್ಕಿಂಗೇ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಹೊತ್ತಿನಲ್ಲಿ ಮೆಸೇಜ್ ಬಂದರೂ ತಲೆಕೆಡಿಸಿಕೊಳ್ಳುವುದಿಲ್ಲ. ಬರೆದಲ್ಲಿಗೆ ಬೆರಳಿಟ್ಟರೆ ಮತ್ತೆ ಅಲ್ಲಿಂದಲೇ ಶುರು.

ಬೆಳಿಗ್ಗೆ ನೋಟ್‌ಬುಕ್ ಮಾತ್ರ. ಮೊಬೈಲ್ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಇರುತ್ತದೆ, ಅವರು ಅದರಲ್ಲಿ ತಾಳಮದ್ದಳೆ ಹಾಕಿಕೊಂಡಿರುತ್ತಾರೆ. ಅರ್ಥಗಾರಿಕೆಯ ನಡುವೆ ಹೋಗಿ ಕೇಳಿದರೆ ಬೈಗುಳ ಖಂಡಿತ, ಯಾವ ಆ್ಯಪ್ ಬ್ಲಾಕರೂ ಇಷ್ಟು ಗಟ್ಟಿ ಇಲ್ಲ. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಇಸವಿಗಳನ್ನು ಹಾಳೆಯಲ್ಲಿ ಬರೆಯುತ್ತೇನೆ. ಬರೆಯಲು ಬಾರದ್ದಕ್ಕೆ ಗುರುತು ಹಾಕಿ ಮರುದಿನ ಮತ್ತೆ ಅದನ್ನೇ.

ಗಣಿತಕ್ಕೆ ಇಷ್ಟೆಲ್ಲ ಬೇಕಾಗಲಿಲ್ಲ, ಪೆನ್ನು ಹಿಡಿದರೆ ಗಮನ ತಾನಾಗಿ ನಿಲ್ಲುತ್ತದೆ. ಕರೆಂಟ್ ಅಫೇರ್ಸ್ ಮಾತ್ರ ಇನ್ನೂ ಮೊಬೈಲ್‌ನಲ್ಲೇ ಓದುತ್ತೇನೆ. ದಿನಾ ಬದಲಾಗುವುದನ್ನೆಲ್ಲ ಕೈಯಲ್ಲಿ ಬರೆಯುತ್ತಾ ಕೂತರೆ ಸಿಲಬಸ್ ಮುಗಿಯುವುದಿಲ್ಲ.