ಪಟ್ ಹೊಡೆಯುವಾಗ ಕೈ ಅದುರಿದರೆ
ಗಾಲ್ಫ್‌ನಲ್ಲಿ ಮೂರಡಿ ದೂರದ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಮೆಲ್ಲನೆಯ ಹೊಡೆತ. ಒಬ್ಬರೇ ಇದ್ದಾಗ ಸಲೀಸು, ನಾಲ್ಕು ಜನ ಸುತ್ತ ನಿಂತರೆ ಮಾತ್ರ ಚೆಂಡಿಗೆ ತಾಗುವ ಹೊತ್ತಿಗೇ ಮಣಿಕಟ್ಟು ಚಕ್ಕನೆ ಅದುರುತ್ತದೆ, ಅಲ್ವಾ? ಇದೇ ಯಿಪ್ಸ್. ನಿಮಗೆ ಆಟ ಬರುವುದಿಲ್ಲ ಅಂತಲ್ಲ. ತಪ್ಪಿದರೆ ಏನಂದುಕೊಳ್ಳುತ್ತಾರೋ ಅನ್ನುವ ಭಯದಲ್ಲಿ, ತಾನಾಗಿ ಆಗುವ ಕೆಲಸಕ್ಕೆ ತಲೆ ಅಡ್ಡ ಬರುತ್ತದೆ.

ಮೊದಲು ಹಿಡಿತ ಬದಲಿಸಿ. ಬಲಗೈ ಆಟಗಾರರಾದರೆ ಎಡಗೈಯನ್ನು ಬಲಗೈಗಿಂತ ಕೆಳಗೆ ಹಿಡಿದು ನೋಡಿ. ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್‌ಗೂ ಈ ಕಾಟ ಮತ್ತೆ ಮತ್ತೆ ಬಂತು, ಅವರು ಹಿಡಿತ ಬದಲಿಸುತ್ತಾ ಹೋದರು, 1985 ಮತ್ತು 1993ರಲ್ಲಿ ಮಾಸ್ಟರ್ಸ್ ಅನ್ನುವ ದೊಡ್ಡ ಟೂರ್ನಿ ಗೆದ್ದರು. ಚೆಂಡು ಬಿಟ್ಟು ಕುಳಿಯನ್ನೇ ನೋಡುತ್ತಾ ಹೊಡೆದೂ ನೋಡಿ.

ಜೊತೆಯವರಿಗೆ ಹೇಳಿಬಿಡಿ, ಸುಮ್ನೆ ಮುಚ್ಚಿಟ್ಟರೆ ಒತ್ತಡ ಜಾಸ್ತಿ. ಒಬ್ಬ ಗೆಳೆಯನನ್ನು ಎದುರು ನಿಲ್ಲಿಸಿಕೊಂಡು ಅಭ್ಯಾಸ ಮಾಡಿ, ಆಮೇಲೆ ಇಬ್ಬರನ್ನು. ಯಾರೂ ಇಲ್ಲದಾಗಲೂ ಅದುರಿದರೆ ನರರೋಗದ ವೈದ್ಯರಿಗೆ ತೋರಿಸಿ. ಕೆಲವರಲ್ಲಿ ಅದು ಡಿಸ್ಟೋನಿಯಾ, ಅಂದರೆ ಸ್ನಾಯುಗಳು ತಾವಾಗೇ ಬಿಗಿದುಕೊಳ್ಳುವ ನರದ ತೊಂದರೆ ಆಗಿರುತ್ತದೆ.