ಮನೆಯಲ್ಲಿ ಬಿಪಿ ನೋಡುವಾಗ ಕೈ ಎಲ್ಲಿಡಬೇಕು?

ಮನೆಮನೆಗೆ ಹೋಗಿ ವಯಸ್ಸಾದವರ ಬಿಪಿ ನೋಡುವುದು ನನ್ನ ಕೆಲಸದ ಒಂದು ಭಾಗ. ಈಗ ಅನೇಕ ಮನೆಗಳಲ್ಲಿ ಬ್ಯಾಟರಿ ಮಿಷನ್ ಇದೆ. "ಇದು ಒಂದೊಂದು ಸಲ ಒಂದೊಂದು ತೋರಿಸುತ್ತೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ನೋಡುವಾಗ ಕೈ ಎಲ್ಲಿತ್ತು ಅಂತ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆಯಿತು. 133 ಮಂದಿಗೆ ಮೂರು ರೀತಿಯಲ್ಲಿ ಬಿಪಿ ನೋಡಿದರು: ಕೈ ಮೇಜಿನ ಮೇಲೆ, ತೊಡೆಯ ಮೇಲೆ, ಪಕ್ಕಕ್ಕೆ ಇಳಿಬಿಟ್ಟು. ಮೇಜಿನ ಮೇಲಿಟ್ಟದ್ದಕ್ಕೆ ಹೋಲಿಸಿದರೆ ತೊಡೆಯ ಮೇಲಿಟ್ಟಾಗ ಮೇಲಿನ ಅಂಕಿ ಸರಾಸರಿ 3.9, ಕೆಳಗಿನದು 4 ಪಾಯಿಂಟ್ ಜಾಸ್ತಿ ಬಂತು. ಇಳಿಬಿಟ್ಟಾಗ 6.5 ಮತ್ತು 4.4 ಜಾಸ್ತಿ. ಗಡಿಯಲ್ಲಿರುವವರಿಗೆ ಹೊಸದೊಂದು ಮಾತ್ರೆ ಶುರುವಾಗಲು ಇಷ್ಟು ಸಾಕು. ಕಾರಣ ಸರಳ. ತೋಳಿಗೆ ಸುತ್ತುವ ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಷ್ಟು ಎತ್ತರದ ರಕ್ತದ ಭಾರವೇ 7-8 ಪಾಯಿಂಟ್ ಆಗುತ್ತದೆ, ಮಿಷನ್ ಅದನ್ನೂ ಸೇರಿಸಿಯೇ ತೋರಿಸುತ್ತದೆ. ಇಳಿಬಿಟ್ಟ ಕೈಯಲ್ಲಿ ಸ್ನಾಯು ಬಿಗಿಯಾಗಿರುವುದೂ ಸೇರಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಕೆಡುವುದು ಟೀಪಾಯಿಯಿಂದ. ಸೋಫಾದಲ್ಲಿ ಕೂತು, ಮುಂದಿನ ಗಿಡ್ಡ ಟೀಪಾಯಿಯ ಮೇಲೆ ಕೈ ಚಾಚಿದರೆ ಬೆನ್ನು ಒರಗುವುದಿಲ್ಲ, ತೋಳೂ ಎದೆಗಿಂತ ಕೆಳಗಿಳಿಯುತ್ತದೆ. ಊಟದ ಮೇಜು, ಬೆನ್ನಿರುವ ಕುರ್ಚಿ ಇದ್ದರೆ ಅಲ್ಲೇ ಕೂರಿಸುತ್ತೇನೆ. ಇಲ್ಲದಿದ್ದರೆ ಪಕ್ಕದಲ್ಲೊಂದು ಸ್ಟೂಲ್ ಇಟ್ಟು, ಅದರ ಮೇಲೆ ದಿಂಬನ್ನೋ ಮಡಚಿದ ಕಂಬಳಿಯನ್ನೋ ಏರಿಸುತ್ತೇನೆ. ಪಟ್ಟಿಯ ನಡುಭಾಗ ಎದೆಮೂಳೆಯ ಮಧ್ಯಕ್ಕೆ ಸಮವಾಗಿ ಬರಬೇಕು, ಅಂಗೈ ಸಡಿಲವಾಗಿ ಮೇಲ್ಮುಖವಾಗಿರಬೇಕು. ಕೈಯನ್ನು ಅವರೇ ಎತ್ತಿ ಹಿಡಿದುಕೊಂಡರೆ ಪ್ರಯೋಜನವಿಲ್ಲ, ಏನಾದರೂ ಆಧಾರ ಬೇಕು.

ಎರಡನೆಯ ತೊಂದರೆ ಪಟ್ಟಿಯ ಅಳತೆಯದು, ಇದನ್ನು ಅಂಗಡಿಯಲ್ಲಿ ಕೇಳುವವರೇ ಕಡಿಮೆ. ಭುಜದ ಮೂಳೆಯ ತುದಿಗೂ ಮೊಣಕೈಗೂ ಸರಿ ಮಧ್ಯದಲ್ಲಿ ದರ್ಜಿ ಟೇಪಿನಿಂದ ತೋಳಿನ ಸುತ್ತಳತೆ ತೆಗೆಯಿರಿ. ಮಿಷನ್ ಜೊತೆ ಬರುವ ಸಾಮಾನ್ಯ ಪಟ್ಟಿ ಹೆಚ್ಚಾಗಿ 22-32 ಸೆಂ.ಮೀ. ತೋಳಿಗೆ ಮಾಡಿದ್ದು, ಅಳತೆ ಪಟ್ಟಿಯ ಮೇಲೆಯೇ ಅಚ್ಚಾಗಿರುತ್ತದೆ. 34 ಸೆಂ.ಮೀ. ತೋಳಿಗೆ ಅದನ್ನೇ ಎಳೆದು ಸುತ್ತಿದರೆ ಅಂಕಿ ಏರುತ್ತದೆ. 2023ರಲ್ಲಿ ಹಾಪ್ಕಿನ್ಸ್‌ನವರೇ 195 ಮಂದಿಯಲ್ಲಿ ಇದನ್ನು ಪರೀಕ್ಷಿಸಿದ್ದರು. ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ ಸರಾಸರಿ 4.8, ಇನ್ನೂ ದೊಡ್ಡದು ಬೇಕಾದವರಿಗೆ 19.5 ಹೆಚ್ಚು ಬಂತು. ಸಣಕಲು ತೋಳಿನವರಿಗೆ ಉಲ್ಟಾ: 3.6 ಕಡಿಮೆ ತೋರಿಸಿತು. ಬಡಕಲು ಅಜ್ಜಿಯರ ಬಿಪಿ "ನಾರ್ಮಲ್" ಎಂದು ಬಿಟ್ಟುಬಿಡುವ ಮೊದಲು ಇದನ್ನು ನೆನಪಿಡಬೇಕು. ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ, ಆದರೆ ಅದೇ ಕಂಪನಿಯ, ಅದೇ ಮಾಡೆಲ್ಲಿಗೆ ಹೇಳಿದ್ದನ್ನೇ ಕೊಳ್ಳಬೇಕು.

ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ 2-3 ಸೆಂ.ಮೀ. ಮೇಲಿರಲಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಬಿಗಿ ತೋಳಿನ ರವಿಕೆಯನ್ನು ಮೇಲೆ ಸುರುಟಿದರೆ ಅದೇ ಒಂದು ಕಟ್ಟಾಗಿ ರಕ್ತ ತಡೆಯುತ್ತದೆ. ಸಡಿಲ ತೋಳಿನ ನೈಟಿ ಹಾಕಿಕೊಂಡಾಗ ನೋಡುವುದು ಸುಲಭ.

ಕಾಫಿ ಕುಡಿದು, ಮೆಟ್ಟಿಲು ಹತ್ತಿ, ಬೀಡಿ ಸೇದಿ ಅರ್ಧ ಗಂಟೆಯಾದರೂ ಆಗಿರಬೇಕು. ಮೂತ್ರ ಕಟ್ಟಿಕೊಂಡು ಕೂರಬಾರದು. ಕಾಲು ಮೇಲೆ ಕಾಲು ಬೇಡ, ಪಾದಗಳೆರಡೂ ನೆಲಕ್ಕೆ ತಾಗಿರಲಿ. ಐದು ನಿಮಿಷ ಸುಮ್ಮನೆ ಕೂತಮೇಲೆ ಬಟನ್ ಒತ್ತುವುದು. ಪಟ್ಟಿ ಉಬ್ಬುವಾಗ "ಎಷ್ಟಾಯ್ತು?" ಎಂದು ಕೇಳುವವರೇ ಹೆಚ್ಚು, ಆ ಮಾತಿಗೂ ಅಂಕಿ ಏರುತ್ತದೆ.

ಮೊದಲ ಸಲ ಎರಡೂ ತೋಳಿನಲ್ಲಿ ನೋಡುತ್ತೇನೆ. ಮತ್ತೆ ಮತ್ತೆ ನೋಡಿದರೂ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದನ್ನು ವೈದ್ಯರಿಗೆ ತಿಳಿಸಿ, ಮುಂದೆ ಹೆಚ್ಚು ಬಂದ ತೋಳಿನಲ್ಲೇ ನೋಡಬೇಕು. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯನ್ನು ಮುಟ್ಟುವುದಿಲ್ಲ. ವೈದ್ಯರನ್ನು ಭೇಟಿ ಮಾಡುವ ಹಿಂದಿನ ಏಳು ದಿನ, ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮೊದಲು ಎರಡು ಸಲ, ರಾತ್ರಿ ಮಲಗುವ ಮೊದಲು ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು. ಮೊದಲ ದಿನದ್ದನ್ನು ಬಿಟ್ಟು ಉಳಿದ 24 ಅಂಕಿಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯ 140/90ಕ್ಕೆ ಮನೆಯ ಲೆಕ್ಕದಲ್ಲಿ ಸಮವಾದದ್ದು 135/85.

ನಾಡಿ ತಾಳ ತಪ್ಪಿದವರಲ್ಲಿ ಮಿಷನ್ ಎಡವುತ್ತದೆ. ಅದು ಶಬ್ದ ಕೇಳಿ ಲೆಕ್ಕ ಹಾಕುವುದಿಲ್ಲ. ಪಟ್ಟಿಯಲ್ಲಿನ ಗಾಳಿಯ ಮಿಡಿತವನ್ನು ಗ್ರಹಿಸಿ, ಆ ಮಿಡಿತ ಏರಿ ಇಳಿಯುವ ರೀತಿಯಿಂದ ಎರಡೂ ಅಂಕಿಗಳನ್ನು ಅಂದಾಜಿಸುತ್ತದೆ. ಒಂದೊಂದು ಮಿಡಿತ ಒಂದೊಂದು ಗಾತ್ರದ್ದಾದರೆ ಅಂದಾಜು ಹಳಿ ತಪ್ಪುತ್ತದೆ. ಇಂಥವರಿಗೆ ಮೂರು ಸಲ ನೋಡಿ ಸರಾಸರಿ ಬರೆಯುತ್ತೇನೆ. ಪರದೆಯ ಮೇಲೆ ನಾಡಿ ಏರುಪೇರಿನ ಗುರುತು ಪದೇಪದೇ ಬಂದರೆ ಇಸಿಜಿಗೆ ಕಳಿಸುತ್ತೇನೆ. ಪಟ್ಟಿ ಉಬ್ಬಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಮೊದಲು ಸೆಲ್ ಬದಲಿಸಿ, ಆಮೇಲೆ ಟ್ಯೂಬ್ ಸೇರುವ ಜಾಗದಲ್ಲಿ ಗಾಳಿ ಸೋರುತ್ತಿದೆಯೇ ನೋಡಿ.

ಮಾತ್ರೆ ರಾತ್ರಿ ತಗೊಂಡರೆ ಒಳ್ಳೆಯದಂತೆ ಎಂದು ಕೇಳುತ್ತಾರೆ. ಬ್ರಿಟನ್ನಿನಲ್ಲಿ 21,104 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ 'ಟೈಮ್' ಅಧ್ಯಯನದಲ್ಲಿ ಬೆಳಿಗ್ಗೆ ತಗೊಂಡವರಿಗೂ ಸಂಜೆ ತಗೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ತಗೊಳ್ಳಲು ಅನುಕೂಲವಾಗುವ ಹೊತ್ತನ್ನು ವೈದ್ಯರಿಗೆ ತಿಳಿಸಿ ಗೊತ್ತುಮಾಡಿಕೊಳ್ಳಿ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ರಾತ್ರಿ ಎದ್ದು ಓಡಾಡಿ ಬೀಳುವ ಭಯವಿದೆ.

ವಯಸ್ಸಾದವರಿಗೆ ಇನ್ನೊಂದು ಅಳತೆ ಬಿಡುವುದಿಲ್ಲ. ಕೂತಾಗಿನದ್ದು ಮುಗಿದಮೇಲೆ ಎಬ್ಬಿಸಿ ನಿಲ್ಲಿಸಿ, ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡುತ್ತೇನೆ. ಆಗಲೂ ತೋಳಿಗೆ ಎದೆಮಟ್ಟದ ಆಧಾರ ಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಅಂಕಿಗಳನ್ನು ಬೇರೆಯಾಗಿ ಬರೆದುಕೊಡುತ್ತೇನೆ. 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲು, ಒಂದು ಪಕ್ಕ ಬಲ ಕುಗ್ಗುವುದು ಇದ್ದರೆ ಮತ್ತೆ ಮತ್ತೆ ಬಟನ್ ಒತ್ತುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.